ಶಹಾಬಾದಿ ಕಲ್ಲಿನ ಮೇಲೆ ಬಿದ್ದ ಗೋಲು

ಆಗ ಕುಷಾಯಿಗೂಡದ ನಮ್ಮ ಓಣಿಯ ನಳಕ್ಕೆ ಸಂಜೆ ಐದಕ್ಕೆ ನೀರು ಬಂದು ಐದೂವರೆಗೆ ಹೋಗಿಬಿಡುತ್ತಿತ್ತು. ಆ ಅರ್ಧ ತಾಸಿನಲ್ಲಿ ಒಂದು ತಂಬಿಗೆ ನೀರು ಚೆಲ್ಲಿದರೂ ಚೆಲ್ಲಿದವರಿಗೆ ಹುಟ್ಟಿದ ಊರು ನೆನಪಾಗುವ ಹಾಗೆ ಹೆಂಗಸರು ಬೈಯುತ್ತಿದ್ದರು. ಸೋಮವಾರ ಮಾತ್ರ ಕೊಡ ತುಂಬಿ, ಉಕ್ಕಿ, ಮೋರಿಗೆ ಹರಿದರೂ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಯಾಕೆಂದರೆ ಸೋಮವಾರ ಶಂಕ್ರಪ್ಪ ಕಾಕಾ ಹಿಂದಿನ ದಿನದ ಫುಟ್‌ಬಾಲ್ ಪಂದ್ಯಗಳ ವರದಿ ಓದುತ್ತಿದ್ದರು. ಆ ಪಂದ್ಯಗಳು ನಡೆಯುತ್ತಿದ್ದದ್ದು ಯಾವ ಮೈದಾನದಲ್ಲೂ ಅಲ್ಲ. ನಮ್ಮ ಮನೆಯ ಪಡಸಾಲೆಯಲ್ಲಿ, ಶಹಾಬಾದಿ ಕಲ್ಲಿನ ನೆಲದ ಮೇಲೆ, ನಾಲ್ಕು ಕವಡೆಗಳಿಂದ.

ಅಪ್ಪ ಹತ್ತಿರದ ದೊಡ್ಡ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅವರ ಅಂಗಿಗೆ ಸದಾ ಬೆಸುಗೆಯ ಹೊಗೆಯ ವಾಸನೆ. ಓಣಿಯಲ್ಲಿ ವಿಜಾಪುರ, ಕಲಬುರಗಿ ಕಡೆಯ ನಾಲ್ಕಾರು ಮನೆ. ಉಳಿದವರು ತೆಲುಗರು, ಉರ್ದು ಮಾತಿನವರು. ಮೂಲೆಮನೆಯ ಶಂಕ್ರಪ್ಪ ಕಾಕಾ ಅದೇ ಕಾರ್ಖಾನೆಯಲ್ಲಿ ಟೆಲೆಕ್ಸ್ ಯಂತ್ರದ ಮುಂದೆ ಕೂಡುವವರು. ಎಲ್ಲಿಂದಲೋ ಮೂರು ಶಬ್ದದ ಸಂದೇಶ ಬರಬೇಕು, ಕಾಕಾ ಅದನ್ನು ಸಾಹೇಬರಿಗೆ ತಿಳಿಯುವಂಥ ಒಂದು ಪುಟದ ಕಾಗದ ಮಾಡಬೇಕು. ಅದೇ ಅವರ ಹೊಟ್ಟೆಪಾಡು.

ಆ ವರ್ಷ ಟಿವಿಯಲ್ಲಿ ವಿಶ್ವಕಪ್ ನೋಡಿ ಹುಡುಗರಿಗೆಲ್ಲ ಫುಟ್‌ಬಾಲ್ ಹುಚ್ಚು ಹತ್ತಿತ್ತು. ಚಂದಾ ಎತ್ತಿ ಚೆಂಡು ತಂದರು. ಎರಡನೇ ದಿನವೇ ಅದು ಜಾಲಿಮುಳ್ಳಿಗೆ ಸಿಕ್ಕು ಉಸಿರು ಬಿಟ್ಟಿತು. ಆಗ ರಘು ಅಂದ, "ಚೆಂಡ ಇಲ್ದ ಆಡೂನು." ರಘು ಎದುರುಮನೆಯ ಹುಡುಗ, ನನಗಿಂತ ನಾಲ್ಕು ವರ್ಷ ದೊಡ್ಡವ. ಚೌಕಾಬಾರದ ಕವಡೆಗಳನ್ನು ಫುಟ್‌ಬಾಲಿಗೆ ಹಚ್ಚಿದ್ದು ಅವನ ತಲೆ.

ಆಟ ಸರಳ. ಆರು ತಂಡ, ಆರು ಜನ ಮಾಲೀಕರು. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಪ್ರತಿ ರವಿವಾರ ಮಧ್ಯಾಹ್ನ ಮೂರು ಪಂದ್ಯ. ಪ್ರತಿ ತಂಡಕ್ಕೆ ಒಂಬತ್ತು ಸಲ ಕವಡೆ ಬೀಳಬೇಕು. ಒಂದು ಸಲಕ್ಕೆ ಹತ್ತು ನಿಮಿಷದ ಆಟ ಆಯಿತೆಂದು ಲೆಕ್ಕ. ನಾಲ್ಕೂ ಬಾಯಿ ಮೇಲಾಗಿ ಬಿದ್ದರೆ ಚೌಕ, ಅಂದರೆ ಗೋಲು. ನಾಲ್ಕೂ ಕವುಚಿ ಬಿದ್ದರೆ ಎಂಟು, ಅಂದರೆ ಹೊಡೆತ ಕಂಬಕ್ಕೆ ಬಡಿಯಿತು. ಉಳಿದದ್ದು ಏನು ಬಿದ್ದರೂ ಚೆಂಡು ನಡುವೆಯೇ ಅಲೆದಾಡಿತು. ಹೊಡೆದವನು ಯಾರೆಂದು ತಂಡದ ಡಬ್ಬಿಯಿಂದ ಚೀಟಿ ಎತ್ತುವುದು. ಚೌಕಾಬಾರದಲ್ಲಿ ಚೌಕ ಅಥವಾ ಎಂಟು ಬಿದ್ದರೆ ಇನ್ನೊಮ್ಮೆ ಹಾಕುವ ಹಕ್ಕು ಉಂಟಲ್ಲ, ನಮ್ಮ ಲೀಗಿನಲ್ಲಿ ಅದಿಲ್ಲ. ಈ ಮಾತನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕವಡೆ ಹಾಕುವವಳು ನಮ್ಮ ಆಯಿ, ಅಪ್ಪನ ತಾಯಿ. ಓಣಿಯಲ್ಲಿ ಅವಳಷ್ಟು ಚೊಕ್ಕ ಕೈ ಯಾರದೂ ಇರಲಿಲ್ಲ. ಆದರೆ ನನ್ನದೂ ಒಂದು ತಂಡವಿತ್ತು, ಆಯಿ ನನ್ನ ಆಯಿ. ಹುಡುಗರು ಬಿಡುತ್ತಾರೆಯೇ? ಯಾವ ತಂಡದ ಸರದಿ ಎಂದು ಆಯಿಗೆ ಹೇಳಕೂಡದು ಎಂದು ಕಾಯಿದೆ ಮಾಡಿದರು. ನನ್ನ ಮುಖ ನೋಡಿ ಅವಳು ತಿಳಿದುಕೊಂಡಾಳೆಂದು ನನ್ನನ್ನು ಅವಳ ಬೆನ್ನ ಹಿಂದೆ ಕೂಡಿಸಿದರು. ಹಾಗಾಗಿ ಇಡೀ ಲೀಗಿನಲ್ಲಿ ಒಂದು ಕವಡೆಯನ್ನೂ ಬೀಳುವಾಗ ನಾನು ನೋಡಲಿಲ್ಲ. ಕಂಡದ್ದು ಆಯಿಯ ಮೊಣಕೈ, ಕೇಳಿದ್ದು ಕಲ್ಲಿನ ಮೇಲಿನ ಕಟಕಟ, ಮೂಗಿಗೆ ಬಂದದ್ದು ಅವಳ ಸೀರೆಯ ಶೇಂಗಾಹಿಂಡಿ ವಾಸನೆ.

"ಈಗ ಯಾರದ ಐತಿ?" ಆಯಿ ಕೇಳುವಳು.

"ಹೇಳಂಗಿಲ್ಲರಿ ಆಯಿ!"

"ಹೇಳಬ್ಯಾಡ್ರಿ ಬಿಡ್ರಿ. ಗೆದ್ದವ್ರಿಗೆ ಚುರುಮುರಿ, ಸೋತವ್ರಿಗೂ ಚುರುಮುರಿ. ನನಗೇನ ಆಗೂದೈತಿ?"

ನನ್ನ ತಂಡದ ಹೆಸರು ಗೋಳಗುಮ್ಮಟ ಇಲೆವನ್. ಆಟಗಾರರಿಗೆಲ್ಲ ನಾನು ಸಂತೆಯವರ ಹೆಸರಿಟ್ಟಿದ್ದೆ. ಅವ್ವ ಚೌಕಾಸಿ ಮಾಡುವುದನ್ನು ಅವಳ ಸೆರಗು ಹಿಡಿದು ನೋಡಿಯೇ ನಾನು ವ್ಯಾಪಾರ ಕಲಿತವಳು, ಋಣ ಬೇಡವೇ? ಗೋಲು ಕಾಯಲು ಉಳ್ಳಾಗಡ್ಡಿ ಮಾರುವ ಯಾದಗಿರಿ, ಯಾಕೆಂದರೆ ಅವನ ಕೈಯಿಂದ ಒಂದು ಗಡ್ಡೆ ಹೆಚ್ಚಿಗೆ ಜಾರಿದ್ದನ್ನು ಯಾರೂ ಕಂಡಿಲ್ಲ. ಮುಂದೆ ನಿಂತು ಗೋಲು ಹೊಡೆಯುವವ ಬಳೆಗಾರ ಜಹಾಂಗೀರ. ಅವನ ಜೋಡಿಗೆ ಸೊಪ್ಪಿನ ಮಲ್ಲಮ್ಮನನ್ನು ಬರೆದಿದ್ದೆ. ಹುಡುಗರು ಹೆಂಗಸು ನಡೆಯಂಗಿಲ್ಲ ಎಂದು ಕೂತರು. ಎಳೆದಾಡಿ ಕಡೆಗೆ ಅವಳ ಗಂಡ ಮಲ್ಲೇಶನಿಗೆ ಒಪ್ಪಿದೆ. ಮಲ್ಲೇಶ ಹೆಂಡತಿಯ ಬುಟ್ಟಿಯ ಪಕ್ಕ ಗೋಣಿಚೀಲದ ಮೇಲೆ ಬೀಡಿ ಸೇದುತ್ತ ಕೂಡುವವ. ಓಡುವುದು ಹೋಗಲಿ, ಅವನು ಎದ್ದು ನಿಂತದ್ದನ್ನೇ ಓಣಿ ಕಂಡಿರಲಿಲ್ಲ.

ಆ ಮಲ್ಲೇಶನನ್ನು ಕಾಕಾ ಓಡಿಸಿದರು! ಕೈಯಲ್ಲಿ ಇದ್ದದ್ದೇನು? ಟೆಲೆಕ್ಸ್ ಕಾಗದದ ಹರುಕಿನ ಮೇಲೆ ಎರಡು, ಒಂದು, ಮೂರು, ಎಂಟು, ಒಂದು ಎಂಬ ಅಂಕಿ. ಅಷ್ಟರಿಂದ ಸೋಮವಾರ ಸಂಜೆಗೆ ಒಂದು ಮಧ್ಯಾಹ್ನವೇ ತಯಾರಾಗಿರುತ್ತಿತ್ತು. ಒಂದು ಬಿದ್ದಾಗ ಗಾಳಿ ಎದುರಾಗಿತ್ತು. ಮೂರು ಬಿದ್ದಾಗ ಪ್ರೇಕ್ಷಕರು ಎದ್ದು ನಿಂತಿದ್ದರು. ಓದುವುದು ಕನ್ನಡದಲ್ಲಿ, ಗೋಲು ಹತ್ತಿರ ಬಂದಾಗ ತೆಲುಗೂ ಉರ್ದುವೂ ತಾವಾಗಿ ಬಂದು ಸೇರುತ್ತಿದ್ದವು. ಕೊಡ ಹಿಡಿದ ಹೆಂಗಸರು ಉಸಿರು ಬಿಗಿಹಿಡಿಯುತ್ತಿದ್ದರು. ಮರುದಿನ ಸಂತೆಯಲ್ಲಿ ಅವ್ವ ಮೆಂತ್ಯಕ್ಕೆ ಜಗ್ಗಾಡುತ್ತಿದ್ದರೆ ನಾನು ಬಾಯಿ ತೆರೆದು ಮಲ್ಲೇಶನ ಕಾಲುಗಳನ್ನೇ ನೋಡುತ್ತಿದ್ದೆ. ಈ ಕಾಲೇ ಅಲ್ಲವೇ ಮೊನ್ನೆ ಇಬ್ಬರನ್ನು ದಾಟಿ ಹೋದದ್ದು?

ನಾನು ಈಗ ಪರದೆ ಬಟ್ಟೆ ಮಾರುತ್ತೇನೆ. ಒಂದು ಮೇಜಿನಿಂದ ಶುರುಮಾಡಿ ಎರಡು ಅಂಗಡಿ ಮಾಡಿದ್ದೇನೆ. ಹೊಸದಾಗಿ ವ್ಯಾಪಾರಕ್ಕೆ ಇಳಿಯುವವರಿಗೆ ಹೇಳುವುದು ಒಂದೇ ಮಾತು: ಗಿರಾಕಿಯ ಬೆರಳು ಬಟ್ಟೆಗೆ ತಾಗುವ ಮೊದಲು ದರ ಹೇಳಬೇಡಿ. ಇದನ್ನು ಕಲಿಸಿದ್ದು ಕಾಕಾ. ಸ್ಕೋರು ಎಲ್ಲರಿಗೂ ಗೊತ್ತಿದ್ದದ್ದೇ. ಆದರೂ ಅವರು ಅದನ್ನು ಕೊನೆಯ ಸಾಲಿಗಿಂತ ಮೊದಲು ಬಾಯಿಗೆ ತರುತ್ತಿರಲಿಲ್ಲ.

ಸಂಕ್ರಾಂತಿ ಹತ್ತಿರ ಬಂತು. ನಾಂಪಲ್ಲಿಯಲ್ಲಿ ನುಮಾಯಿಶ್, ಅಂದರೆ ವರ್ಷಕ್ಕೊಮ್ಮೆಯ ದೊಡ್ಡ ವಸ್ತುಪ್ರದರ್ಶನ, ಶುರುವಾಗಿತ್ತು, ಆದರೆ ನನಗೆ ಯಾವುದೂ ಬೇಡವಾಗಿತ್ತು. ಗೋಳಗುಮ್ಮಟ ಕಟ್ಟಕಡೆಯ ಸ್ಥಾನದಲ್ಲಿತ್ತು. ಕೊನೆಗೆ ಬಂದವರು ತಂಡ ಬಿಟ್ಟುಕೊಡಬೇಕೆಂದು ಮೊದಲೇ ಠರಾವಾಗಿತ್ತು. ಹೊಸದಾಗಿ ಬಂದ ತೆಲುಗರ ಮನೆಯ ವೆಂಕಟ್ ದೀಪಾವಳಿಯಿಂದ ಕಾದು ಕೂತಿದ್ದ. ಉಳಿದದ್ದು ಒಂದೇ ಪಂದ್ಯ, ರಘುವಿನ ಮಣಿಕೊಂಡ ರಾಕೆಟ್ಸ್ ಎದುರು. ಅವನ ಅಪ್ಪ ಮಣಿಕೊಂಡದ ಬಂಡೆಗಳ ನಡುವೆ ಒಂದು ಜಾಗ ಕೊಂಡು, "ದುಡ್ಡು ಕೊಟ್ಟು ಕಲ್ಲು ತಂದಾನ" ಎಂದು ಓಣಿಯವರಿಂದೆಲ್ಲ ನಗಿಸಿಕೊಂಡಿದ್ದರು. ಆ ಸಿಟ್ಟಿಗೇ ರಘು ಆ ಹೆಸರಿಟ್ಟಿದ್ದ. ಗೆದ್ದರೆ ನಾನು ಉಳಿಯುತ್ತಿದ್ದೆ. ಸಮ ಆದರೂ ತಂಡ ಹೋಗುತ್ತಿತ್ತು.

ಒಂಬತ್ತರಲ್ಲಿ ಎಂಟು ಸರದಿ ಮುಗಿದರೂ ಇಬ್ಬರದೂ ಸೊನ್ನೆ. ರಘುವಿನ ಒಂಬತ್ತನೆಯದೂ ಬರಿದಾಯಿತು. ಉಳಿದದ್ದು ನನ್ನ ಕೊನೆಯ ಒಂದು. ಆಯಿಯ ಮೊಣಕೈ ಎದ್ದಿತು. ಕಟಕಟ.

"ಎಂಟು!" ಹುಡುಗರು ಕೂಗಿದರು. ಕಂಬಕ್ಕೆ ಬಡಿದಿತ್ತು. ಚೀಟಿ ಎತ್ತಿದರು: ಜಹಾಂಗೀರ. ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಆಯಿ, ಅರವತ್ತು ವರ್ಷ ಚೌಕಾಬಾರ ಆಡಿದ ಕೈ ನೋಡಿ, ಎಂಟು ಬಿತ್ತೆಂಬ ಸಂಭ್ರಮಕ್ಕೆ ಕವಡೆ ಬಾಚಿಕೊಂಡು ಮತ್ತೊಮ್ಮೆ ಹಾಕಿಯೇಬಿಟ್ಟಳು. ಯಾರೋ ಮೆಲ್ಲಗೆ ಅಂದರು, "ಚೌಕ."

ವೆಂಕಟ್ ಗಡಿಬಿಡಿಯಲ್ಲಿ ಇನ್ನೊಂದು ಚೀಟಿಯನ್ನೂ ಎತ್ತಿದ್ದ. ಮಲ್ಲೇಶ.

"ಚೀಟಿಂಗ್ ನಕ್ಕೋ!" ರಘು ಹಾರಿಬಿದ್ದ. "ಇನ್ನೊಮ್ಮಿ ಹಾಕಂಗಿಲ್ಲ ಅಂತ ಕಾಯ್ದೆ ಐತಿ!"

"ಹಾಕಿದ್ದು ನಾನೇನೋ? ಬಿದ್ದದ್ದು ಬಿದ್ದದ್ದು!" ನಾನೂ ಎದ್ದೆ.

"ಅಯ್ಯ ನನ್ನ ಕೈ ಸುಡ್ಲಿ," ಆಯಿ ಗಾಬರಿಯಾದಳು. "ಯಾರದಿತ್ತವ್ವ ಅದು?"

ಮೂಲೆಯಲ್ಲಿ ಕೂತು ಅಂಕಿ ಬರೆದುಕೊಳ್ಳುತ್ತಿದ್ದ ಕಾಕಾ ತಮ್ಮ ಹರುಕು ಕಾಗದ ಮಡಚಿ ಕಿಸೆಯಲ್ಲಿಟ್ಟುಕೊಂಡರು. "ನಾಳೆ ನಳದ ಹತ್ರ ಓದ್ತೀನಿ. ಅದರಾಗ ಏನಿರ್ತದೋ ಅದ ಫಲಿತಾಂಶ. ಒಪ್ಪಿಗೇನು?" ಎಲ್ಲರೂ ಒಪ್ಪಿದರು.

ನಾನು ಸುಮ್ಮನಿರುವವಳೇ? ಚಹಾದ ಹೊತ್ತಿಗೆ ಅವರ ಮನೆಯಲ್ಲಿದ್ದೆ. ಕಾಕಾ ಉಸ್ಮಾನಿಯಾ ಬಿಸ್ಕಿಟು ಅದ್ದಿ ತಿನ್ನುತ್ತಿದ್ದರು. ನನಗೂ ಒಂದು ಕೊಟ್ಟರು.

"ಕಾಕಾ, ಒಂದು ಮಾತು. ಈ ಗೋಲ್ ಕೊಡ್ರಿ. ಬೇಕಾದ್ರ ಮುಂದಿನ ಸಲದ ಮೊದಲನೇ ಎರಡೂ ಪಂದ್ಯ ನಾ ಸೋತೆ ಅಂತ ಈಗ ಬರ್ಕೊಳ್ರಿ."

ಕಾಕಾ ನಕ್ಕು ಚಹಾ ನೆತ್ತಿಗೇರಿಸಿಕೊಂಡರು. "ನೀ ದೊಡ್ಡಾಕಿ ಆಗಿ ಚಾರ್ಮಿನಾರ್ ಮಾರ್ತೀಯವ್ವ ಸುಮಿ. ಮೂರು ಪಂದ್ಯ ಅನ್ನು, ನೋಡೂನು."

"ಮೂರು!"

"ಆಗಂಗಿಲ್ಲ," ಅಂದರು. "ಚೌಕ ಬಿದ್ದದ್ದು ಖರೇ. ಬಿದ್ದೇ ಇಲ್ಲ ಅಂತ ಬರಿಯಾಕ ನನ್ನ ಕೈ ಬರೂದಿಲ್ಲ. ಕಾಯ್ದೆ ಇರೋದೂ ಖರೇ. ಅದು ಇಲ್ಲ ಅಂತ ಬರಿಯಾಕೂ ಬರೂದಿಲ್ಲ."

"ಎರಡು ಅಂಕಿಗೆ ಒಂದು ಪುಟ ಬರೀತೀರಿ. ಒಂದು ಗೋಲ್ ಹೆಚ್ಚಾತೇನು?"

"ಮಡಚಿದ್ದನ್ನ ಬಿಡಿಸ್ತೀನಿ ಅಷ್ಟ. ಹೊಸದು ಕೂಡಸಂಗಿಲ್ಲ. ಹೋಗು, ನಾ ಇನ್ನೂ ಆ ಮ್ಯಾಚ್ ನೋಡಬೇಕಾಗೇತಿ."

ನೋಡಬೇಕಾಗಿದೆ ಅಂದರು! ಬರೆಯಬೇಕಾಗಿದೆ ಅನ್ನಲಿಲ್ಲ. ಬಿಸ್ಕಿಟು ಕೈಯಲ್ಲೇ ಉಳಿಯಿತು.

ಸೋಮವಾರ ನಳದ ಹತ್ತಿರ ಪಕ್ಕದ ಓಣಿಯವರೂ ಕೊಡ ಹಿಡಿದು ಬಂದಿದ್ದರು. ಮೊದಲ ಬಾರಿಗೆ ಸ್ಕೋರು ಯಾರಿಗೂ ಗೊತ್ತಿರಲಿಲ್ಲ. ಆಯಿ ಕಟ್ಟೆಯ ಮೇಲೆ ಕೂತಿದ್ದಳು. ಕಾಕಾ ಕೆಲಸದಿಂದ ನೇರ ಬಂದು ಕನ್ನಡಕ ಒರೆಸಿಕೊಂಡರು. ಆ ಕೊನೆಯ ಭಾಗ ಇವತ್ತಿಗೂ ನನಗೆ ಬಾಯಿಪಾಠ:

"ತೊಂಬತ್ತನೆಯ ನಿಮಿಷ. ಜಹಾಂಗೀರ ದೂರದಿಂದಲೇ ಹೊಡೆದ. ಚೆಂಡು ಕಂಬಕ್ಕೆ ಬಡಿಯಿತು. ಆ ಸದ್ದಿಗೆ ಹೊರಗೆ ಕಟ್ಟಿದ ಎತ್ತುಗಳು ಕಿವಿ ನಿಮಿರಿಸಿದವು. ಎಲ್ಲರೂ ಮುಗಿಯಿತೆಂದು ನಿಂತರು. ನಿಲ್ಲದವನು ಒಬ್ಬನೇ. ಮಲ್ಲೇಶ ಓಡಿದ. ಹುಟ್ಟಿದಾಗಿನಿಂದ ಓಡದೆ ಉಳಿಸಿಟ್ಟ ಓಟವನ್ನೆಲ್ಲ ಆ ಹತ್ತು ಹೆಜ್ಜೆಯಲ್ಲಿ ಓಡಿದ. ಮರಳಿ ಬಂದ ಚೆಂಡು ಅವನ ಕಾಲಿಗೆ ಸಿಕ್ಕಿತು. ಬಲೆ ಉಬ್ಬಿತು. ಅತ್ತ ಕಡೆ ಯಾದಗಿರಿ ತನ್ನ ಗೋಲು ಬಿಟ್ಟು, ಕೈ ಮೇಲೆತ್ತಿ, ಅರ್ಧ ಮೈದಾನ ಓಡಿ ಬಂದ. ಆಮೇಲೆ ಅವನು ನಿಂತ. ಗೆರೆಯ ಅಂಚಿನಲ್ಲಿ ಒಂದು ಬಾವುಟ ಮೇಲೆದ್ದಿತ್ತು. ಜಹಾಂಗೀರ ಹೊಡೆದಾಗ ಮಲ್ಲೇಶ ರಾಕೆಟ್ಸ್‌ನ ಕೊನೆಯ ಕಾವಲಿನವನಿಗಿಂತ ಒಂದು ಹೆಜ್ಜೆ, ಒಂದೇ ಹೆಜ್ಜೆ ಮುಂದಿದ್ದ. ಆಫ್‌ಸೈಡ್. ಗೋಲು ಲೆಕ್ಕಕ್ಕಿಲ್ಲ. ಸೊನ್ನೆ, ಸೊನ್ನೆ."

ನೀರು ನಿಂತು ಎಷ್ಟು ಹೊತ್ತಾಗಿತ್ತೋ. ರಘು ತಲೆ ತಗ್ಗಿಸಿ ಕೂತಿದ್ದ. "ಒಂದು ಹೆಜ್ಜಿಗೆ ಹೋತಲ್ಲೋ," ಎಂದು ಆಯಿ ಸೆರಗು ಕಣ್ಣಿಗೆ ಒತ್ತಿಕೊಂಡಳು. ಹೋದದ್ದು ತನ್ನ ಕೈಯಿಂದಲೇ ಎಂಬುದನ್ನೂ ಅವಳು ಮರೆತಿದ್ದಳು. ನನ್ನ ತಂಡ ಹೋಗಿತ್ತು. ಅಳಬೇಕಿತ್ತು. ಆದರೆ ಆ ಬಾವುಟ ನನಗೆ ಎಷ್ಟು ಸ್ಪಷ್ಟ ಕಂಡಿತ್ತೆಂದರೆ, ಅದರ ಬಣ್ಣ ಹಳದಿ ಎಂದು ಈಗಲೂ ಆಣೆ ಮಾಡುತ್ತೇನೆ. ಬಣ್ಣದ ಮಾತನ್ನು ಕಾಕಾ ಬರೆದೇ ಇರಲಿಲ್ಲ.

ವೆಂಕಟ್‌ಗೆ ಹನ್ನೊಂದು ಹೆಸರಿನ ಪುಟ ಹರಿದು ಕೊಟ್ಟೆ. ಒಂದೇ ಕರಾರು: ಯಾರ ಹೆಸರನ್ನೂ ಬದಲಿಸಕೂಡದು. "ಸರೇ ಸುಮಿ, ಮಾರ್ಚನು," ಎಂದು ಅವನು ತೆಲುಗಿನಲ್ಲೇ ಮಾತು ಕೊಟ್ಟ. ಬದಲಿಸಲೂ ಇಲ್ಲ.

ಮೊನ್ನೆ ಮಣಿಕೊಂಡದಲ್ಲಿ ಹದಿನಾಲ್ಕನೇ ಮಹಡಿಯ ಒಂದು ಫ್ಲಾಟಿಗೆ ಕಿಟಕಿ ಅಳೆಯಲು ಹೋಗಿದ್ದೆ. ಬಾಗಿಲು ತೆಗೆದವನು ರಘು. ತಲೆ ಬೋಳಾಗಿದೆ, ಕಣ್ಣು ಅವೇ. ಆ ಕಲ್ಲಿನ ಜಾಗದ ಮೇಲೆಯೇ ಈ ಕಟ್ಟಡ ನಿಂತಿದೆಯಂತೆ. ಅಂದು ನಕ್ಕವರಲ್ಲಿ ನಮ್ಮಪ್ಪನೂ ಒಬ್ಬರು. ಜಾಗದ ವಿಷಯದಲ್ಲಿ ಓಣಿಯ ನಗೆ ಕೇಳಬೇಡಿ, ಇದು ನನ್ನ ಇನ್ನೊಂದು ಸಲಹೆ. ಬಂಡೆ ಒಂದೂ ಉಳಿದಿಲ್ಲ. ರಘು ಬಟ್ಟೆಯ ದರಕ್ಕೆ ಎರಡು ಮಾತು ಜಗ್ಗಾಡಿ ಒಪ್ಪಿದ. ಆಮೇಲೆ ಇದ್ದಕ್ಕಿದ್ದಂತೆ ಅಂದ:

"ಸುಮಿ, ಆ ಮಲ್ಲೇಶ ಮುಂದ ಇರಲಿಲ್ಲ. ನಮ್ಮ ಡಿಫೆಂಡರ್ ಹೆಗಲಿಗೆ ಹೆಗಲು ಸಮಾ ಇದ್ದ. ನಾ ಅವತ್ತ ನೋಡಿದ್ದೆ. ಬಾಯಿ ಮುಚ್ಚಿಕೊಂಡು ಕುಂತೆ."

"ಇಲ್ಲೋ ರಘು. ಒಂದು ಹೆಜ್ಜಿ ಮುಂದ ಇದ್ದ. ನಾನೂ ನೋಡೀನಿ."

"ಸಮಾ ಇದ್ದ ಅಂತೀನಿ. ಗೋಲ್ ನಿಂದು."

"ಮುಂದ ಇದ್ದ. ನಂದಲ್ಲ."

ಜೀವಮಾನದಲ್ಲಿ ಮೊದಲ ಸಲ ನಾನು ಉಲ್ಟಾ ಚೌಕಾಸಿ ಮಾಡುತ್ತಿದ್ದೆ. ಅವನು ಕೊಡುತ್ತಾನೆ, ನಾನು ಒಲ್ಲೆನೆನ್ನುತ್ತೇನೆ. ಸೋಫಾದ ಮೇಲೆ ಅವನ ಮಗ ಫೋನಿನಲ್ಲಿ ಫುಟ್‌ಬಾಲ್ ಆಡುತ್ತಿದ್ದ. ಹುಲ್ಲಿನ ಎಸಳೂ, ಆಟಗಾರನ ಹಣೆಯ ಬೆವರೂ ಅದರಲ್ಲಿ ಕಾಣುತ್ತವೆ. ಅವನು ತಲೆ ಎತ್ತಿದ. "ಯಾವ ಮ್ಯಾಚ್ ಪಪ್ಪಾ? ಹೈಲೈಟ್ಸ್ ಐತೇನು? ಹಚ್ಚಿ ನೋಡ್ರಿ, ಗೊತ್ತಾಗ್ತದ."

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಕಾಕಾ ಇಲ್ಲ. ಆಯಿ ಇಲ್ಲ. ಆ ಪಡಸಾಲೆಗೆ ಈಗ ಹೊಳೆಯುವ ಟೈಲ್ಸ್ ಬಂದಿದೆ, ಅದರ ಮೇಲೆ ಕವಡೆ ನಿಲ್ಲುವುದಿಲ್ಲ, ಜಾರುತ್ತದೆ. ಚಹಾದ ಹೊತ್ತಿಗೆ ಓಡಿಹೋಗಿ ತೀರ್ಪು ಕೇಳಲು ಒಂದು ಮನೆಯೂ ಉಳಿದಿಲ್ಲ.

"ಇಲ್ಲಪ್ಪ," ಅಂದ ರಘು. "ನೋಡಿದವ್ರು ನಾವಿಬ್ರ ಉಳದೀವಿ."

ನಾನು ಟೇಪು ಬಿಚ್ಚಿ ಕಿಟಕಿಗೆ ಹಿಡಿದೆ. ಅಳೆಯುವುದು ನನ್ನ ಕಸುಬು, ಒಮ್ಮೆ ನೋಡಿದರೆ ಸಾಕು. ಆದರೆ ಕಣ್ಣಲ್ಲಿ ಆ ಒಂದು ಹೆಜ್ಜೆಯೇ ಕೂತಿತ್ತು, ಕಿಟಕಿಯ ಅಳತೆಯನ್ನು ಮೂರು ಸಲ ಬರೆದು ಮೂರು ಸಲ ಅಳಿಸಿದೆ.