ಉಗುರಿನ ಸಂದಿಯ ಹಳದಿ ಪುಡಿ

ಮಕ್ಕಳೇ, ನಿಮ್ಮ ರೇಣುಕಕ್ಕನ ಪಾಠವನ್ನು ಒಮ್ಮೆ ನಾನು ಕೆಡಿಸಿದ್ದೆ. ಅವಳು ನಗುತ್ತಾ ನಿಮಗೆ ಹೇಳುವ ಮೊದಲು ನಾನೇ ಬರೆದಿಡುತ್ತೇನೆ. ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ.

ನಿಮ್ಮ ತಾತ ತೀರಿಕೊಂಡ ಮೇಲೆ ಹೂವು ನನ್ನ ತಲೆಯಿಂದ ಇಳಿದು ಕೈಗೆ ಬಂತು. ಗದ್ವಾಲ, ಐಜದ ಕಡೆ ಬಿತ್ತನೆ ಬೀಜಕ್ಕೆಂದೇ ಹತ್ತಿ ಬೆಳೆಯುತ್ತಾರಲ್ಲ, ಅಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದೆ. ನಾಳೆ ಅರಳುವ ಮೊಗ್ಗನ್ನು ಇಂದು ಸಂಜೆಯೇ ಹುಡುಕಿ, ಎಸಳನ್ನೂ ಒಳಗಿನ ಹಳದಿ ಪುಡಿಯ ಕೇಸರವನ್ನೂ ಹೆಬ್ಬೆರಳ ಉಗುರಿನಿಂದ ಬಿಡಿಸಿ ತೆಗೆಯಬೇಕು. ಬೆಳಿಗ್ಗೆ ಬೇರೆ ಜಾತಿಯ ಗಂಡುಹೂ ತಂದು ಸವರಬೇಕು. ಹಳೆಯ ಪುಡಿ ಒಂದು ಕಣ ಉಳಿದರೂ ಮೇಸ್ತ್ರಿ ಬೈಯುತ್ತಿದ್ದ. ನನ್ನನ್ನು ಒಮ್ಮೆಯೂ ಬೈಯಲಿಲ್ಲ. ಜಂಬಕ್ಕೆ ಹೇಳುತ್ತಿಲ್ಲ, ಸ್ವಲ್ಪ ಜಂಬವೇ ಅನ್ನಿ.

ನಾರಾಯಣಪೇಟೆಯ ಕಾಲೇಜಿನಲ್ಲಿ ಗಿಡಗಳ ಶಾಸ್ತ್ರ ಓದುವ ರೇಣುಕ ಒಂದು ದಿನ ಅಂಗೈಯಗಲದ ಸೂಕ್ಷ್ಮದರ್ಶಕ ತಂದಳು. ಮರುದಿನವೇ ಹಿಂದಿರುಗಿಸಬೇಕು. ಬೆಂಡೆ, ಹತ್ತಿ ಒಂದೇ ಮನೆತನದ ಗಿಡಗಳಂತೆ. ಅವುಗಳ ಪುಡಿಯಲ್ಲಿ ಯಾವುದು ಒಂದೇ ಥರ, ಯಾವುದು ಬೇರೆ ಎಂದು ನೋಡಿ ಚಿತ್ರ ಬರೆದು ಒಪ್ಪಿಸಬೇಕು. ಇಲ್ಲವಾದರೆ ಮಾರ್ಕು ಇಲ್ಲ.

"ಅಜ್ಜಿ, ನಾಳೆ ಅರಳೋ ಮೊಗ್ಗು ನೋಡಿ ಕವರ್ ಕಟ್ಟು. ಜೇನುಹುಳ ಬ್ಯಾರೆ ಪುಡಿ ತಂದು ಹಾಕಬಾರ್ದು" ಅಂದಳು.

ಮೊಗ್ಗು, ಕವರ್ ಎಂದು ಕೇಳಿದ್ದೇ ತಡ, ನನ್ನ ಕೈ ಮಕ್ತಲದ ನಮ್ಮ ಮನೆಯ ಹಿತ್ತಲು ಬಿಟ್ಟು ಐಜದ ಹೊಲಕ್ಕೆ ಹೋಯಿತು.

ಬೆಳಿಗ್ಗೆ ರೇಣುಕ ಕವರ್ ಬಿಚ್ಚಿದಳು. "ಅಜ್ಜೀ, ಪುಡಿ ಎಲ್ಲೈತಿ?"

"ಎಲ್ಲಾ ತೆಗ್ದೀನವ್ವ. ಒಂದು ಕಣ ಉಳಿಸಿಲ್ಲ ನೋಡು!"

"ಉಳಿಸಿಲ್ಲ? ನಾ ಕಾಲೇಜಿನ್ಯಾಗ ನಿನ್ನ ಉಗುರು ತೋರಿಸ್ಲೇನು?"

ಹಿತ್ತಲಲ್ಲಿ ಇದ್ದದ್ದೇ ನಾಲ್ಕು ಬೆಂಡೆ ಗಿಡ, ಎರಡು ಹತ್ತಿ ಗಿಡ. ಅಂದು ಅರಳಬೇಕಾದ ಮೊಗ್ಗನ್ನೆಲ್ಲ ಮುಗಿಸಿದ್ದೆ. ಹುಡುಗಿಯ ಕಣ್ಣು ತುಂಬಿತು. ಆಗ ನೆನಪಾಯಿತು: ಬಿಡಿಸಿದ ಕೇಸರವನ್ನು ಹೊಲದಲ್ಲಿ ಚೆಲ್ಲಬಾರದೆಂದು ಮೇಸ್ತ್ರಿ ಕಲಿಸಿದ್ದ. ಅದೇ ರೂಢಿಗೆ ಹಳೆಯ ಕರ್ಚೀಫಿನಲ್ಲಿ ಗಂಟು ಕಟ್ಟಿ ಗೂಟಕ್ಕೆ ಸಿಕ್ಕಿಸಿದ್ದೆ. ಬಿಚ್ಚಿದರೆ ಕೇಸರಗಳು ರಾತ್ರಿಯೆಲ್ಲ ಒಣಗಿ ಒಡೆದು ಪುಡಿ ಉದುರಿಸಿದ್ದವು. ಆದರೆ ಬೆಂಡೆ ಯಾವುದು, ಹತ್ತಿ ಯಾವುದು? ಎಲ್ಲ ಕಲೆತು ಒಂದೇ ಹಳದಿ.

ರೇಣುಕ ಬೈಯಲಿಲ್ಲ. ಚಿಟಿಕೆ ಪುಡಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದಳು. ಆಮೇಲೆ ನನಗೂ ತೋರಿಸಿದಳು.

ಅಬ್ಬಾ! ಒಂದೊಂದು ಕಣವೂ ಪುಟ್ಟ ಉಮ್ಮತ್ತಿಕಾಯಿ, ಮೈತುಂಬ ಮುಳ್ಳು. ಇಷ್ಟು ಕುಸುರಿ ಕೆಲಸವನ್ನು ವರ್ಷಗಟ್ಟಲೆ ಉಗುರಿನಿಂದ ಕಿತ್ತು ಸೀರೆಗೆ ಒರೆಸಿಕೊಂಡಿದ್ದೆನಲ್ಲ!

"ಮುಳ್ಳು ಎರಡಕ್ಕೂ ಐತಿ, ಅದು ಮನೆತನದ ಗುರುತು. ದೊಡ್ಡ ಕಣ ಬೆಂಡೀದು, ಸಣ್ಣದು ಹತ್ತೀದು" ಅಂದಳು, ಪುಸ್ತಕದ ಚಿತ್ರ ಪಕ್ಕದಲ್ಲಿಟ್ಟುಕೊಂಡು.

ನಿಮ್ಮೆಲ್ಲರ ಚಪ್ಪಟೆ ಮೂಗು ನೋಡಿದರೆ ನಮ್ಮ ಮನೆಯವರೆಂದು ಬಸ್‌ಸ್ಟ್ಯಾಂಡಿನಲ್ಲೇ ಗೊತ್ತಾಗುತ್ತದೆ. ಯಾರ ಮಗು ಯಾವುದೆಂದು ತಿಳಿಯಲು ಹತ್ತಿರ ಕೂರಿಸಿಕೊಳ್ಳಬೇಕು. ಹೂವುಗಳ ಶಾಸ್ತ್ರವೂ ಅಷ್ಟೇ ಎಂದು ತಿಳಿದು ನನಗೆ ಧೈರ್ಯ ಬಂತು.

ಸಂಜೆ ಅವಳು ನಗುತ್ತಾ ಬಂದಳು. ಕಲೆತದ್ದನ್ನು ಬೇರ್ಪಡಿಸಿದ್ದಕ್ಕೇ ಮೇಡಂ ಮೆಚ್ಚಿದರಂತೆ. ಚಿತ್ರದ ಕೆಳಗೆ 'ಸಂಗ್ರಹಿಸಿದವರು' ಎಂದು ನನ್ನ ಹೆಸರಿತ್ತು. ಶಾಲೆಯಲ್ಲಿ ಹಾಜರಿ ಕೂಗಿದಾಗ ನನ್ನ ದನಿ ಮೊದಲ ಸಾಲಿಗೂ ಕೇಳುತ್ತಿರಲಿಲ್ಲ. ಅಂದು ಆ ಹೆಸರನ್ನು ನಾನೇ ಗಟ್ಟಿಯಾಗಿ ಎರಡು ಸಲ ಓದಿದೆ.

ಈಗ ಯಾರಾದರೂ ಹೂವು ತಾ ಅಂದರೆ ಮೊದಲು ಕೇಳುತ್ತೇನೆ: ಪುಡಿ ಬೇಕೋ, ಬೇಡವೋ?