ಕ್ಯಾಮೆರಾಕ್ಕೆ ಇಟ್ಟ ಕಾಡಿಗೆ

ಹೆರಿಗೆ ರಜೆ ಮುಗಿಯುವ ಹೊತ್ತಿಗೆ ಮನೆಯ ಹಳೆ ಮೊಬೈಲ್‌ಗಳನ್ನೆಲ್ಲ ಹುಡುಕಿ ತೆಗೆದೆ. ಗಾಜು ಒಡೆದ ನನ್ನದೊಂದು, ಗಲ್ಫಿನಲ್ಲಿರುವ ಗಂಡ ಬಿಟ್ಟುಹೋದದ್ದೊಂದು. ಒಡೆದದ್ದನ್ನು ತೊಟ್ಟಿಲಿನ ಪಕ್ಕದ ಕಿಟಕಿಯ ಸರಳಿಗೆ ರಬ್ಬರ್ ಬ್ಯಾಂಡ್ ಹಾಕಿ ಬಿಗಿದು ಚಾರ್ಜರ್ ಸಿಕ್ಕಿಸಿದೆ. ಇನ್ನೊಂದು ನನ್ನ ಜೊತೆ, ನಾನು ಕಲಿಸುವ ಹಂಪನಕಟ್ಟೆಯ ಶಾಲೆಗೆ. ಎರಡರ ನಡುವೆ ದಿನವಿಡೀ ವಿಡಿಯೋ ಕಾಲ್. ಜೆಪ್ಪಿನ ಮನೆಯಲ್ಲಿ ಮಗಳು ಕಾಲು ಒದ್ದರೆ ಸ್ಟಾಫ್‌ರೂಮಿನಲ್ಲಿ ನನಗೆ ಕಾಣಬೇಕು. ಕಾಣದಿದ್ದರೆ ಕೆಲಸ ಬಿಡುವುದೇ ಎಂದು ಗಟ್ಟಿ ಮಾಡಿಕೊಂಡಿದ್ದೆ.

ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತರು. "ಇದೆಂತ ಮಾರಾಯ್ತಿ, ನನ್ನ ಮೇಲೆ ಪೊಲೀಸ್ ಕಾವಲಾ?"

"ನಿಮ್ಮ ಮೇಲಲ್ಲ, ಮಗುವಿನ ಮೇಲೆ."

"ಇಡೀ ದಿನ ನೋಡ್ತಾ ಇರ್ತೀಯಾ?"

"ಬಿಡುವು ಸಿಕ್ಕಾಗೆಲ್ಲ."

ಅವರು ಮೀನು ತೊಳೆಯಲು ಹೋದರು. ಬೇಜಾರಾಗಿರಬೇಕು ಎಂದುಕೊಂಡೆ. ಆದರೂ ಮೊಬೈಲ್ ಬಿಚ್ಚಲಿಲ್ಲ.

ಮೊದಲ ವಾರ ಚೆನ್ನಾಗಿಯೇ ಹೋಯಿತು. ಊಟದ ಡಬ್ಬಿಗೆ ಮೊಬೈಲ್ ಒರಗಿಸಿದ ಕೂಡಲೇ ಉಳಿದ ಟೀಚರ್‌ಗಳು, "ಶುರುವಾಯ್ತು ಇವಳ ಸೀರಿಯಲ್" ಎಂದು ನಗುತ್ತಿದ್ದರು. ಒಂದು ಬೆಳಿಗ್ಗೆ ನೋಡಿದರೆ ಪರದೆ ಪೂರ್ತಿ ಕಪ್ಪು! ಫ್ಯಾನಿನ ಸದ್ದು ಕೇಳುತ್ತದೆ, ಮಗಳು ಕಾಣುವುದಿಲ್ಲ. ಅತ್ತೆ ಫೋನ್ ಎತ್ತಲಿಲ್ಲ. ಹೆಡ್‌ಮಿಸ್ಟ್ರೆಸ್‌ಗೆ ಒಂದು ಮಾತು ಹೇಳಿ, ಸಿಕ್ಕಿದ ರಿಕ್ಷಾ ಹತ್ತಿ ಮನೆ ಸೇರಿದೆ.

ಮಗಳು ಮುಷ್ಟಿ ಬಿಗಿದು ನಿದ್ದೆ ಮಾಡುತ್ತಿದ್ದಳು. ಅತ್ತೆ ಪಕ್ಕದಲ್ಲಿ ಕೂತು ಶಿಲುಬೆ ತೂಗುವ ಜಪಮಾಲೆ ಎಣಿಸುತ್ತಿದ್ದರು. ಮಗಳ ಕೆನ್ನೆಯಲ್ಲೊಂದು ಕಾಡಿಗೆ ಬೊಟ್ಟು. ಕ್ಯಾಮೆರಾದ ಕಣ್ಣಿನ ಮೇಲೂ ಅಂಥದ್ದೇ ಒಂದು.

ನನಗೆ ಪಿತ್ತ ನೆತ್ತಿಗೇರಿತು. "ನಾನು ನೋಡುವುದು ಇಷ್ಟ ಇಲ್ಲದಿದ್ದರೆ ಬಾಯಿಬಿಟ್ಟು ಹೇಳಿ! ನಾಳೆಯೇ ಕೆಲಸ ಬಿಡ್ತೇನೆ!"

"ಮೆಲ್ಲ, ಏಳ್ತಾಳೆ. ಒಂದು ಕಣ್ಣು ಹೀಗೆ ನೋಡ್ತಾನೇ ಇದ್ರೆ ಮಗುವಿಗೆ ದೃಷ್ಟಿ ತಾಗುವುದಿಲ್ವಾ? ಹೆತ್ತವಳ ಕಣ್ಣೇ ಮೊದಲು ತಾಗುವುದು."

"ಕೈಯಲ್ಲಿ ಜಪಮಾಲೆ, ಮಾತೆಲ್ಲ ದೃಷ್ಟಿಯದ್ದು!"

"ಜಪಮಾಲೆ ಅದರ ಕೆಲಸ ಮಾಡ್ತದೆ, ಕಾಡಿಗೆ ಅದರದ್ದು," ಎಂದರು. ನನಗೆ ನಗುವೂ ಬಂತು, ಅಳುವೂ ಬಂತು. ತೊಟ್ಟಿಲಿನ ಪಕ್ಕ ಕೂತೆ.

ಅವರು ಹಿಂದೆ ಗಲ್ಫಿನಲ್ಲಿ ನರ್ಸ್ ಆಗಿದ್ದದ್ದು ಗೊತ್ತಿತ್ತು. ಆಗಿನ ಮಾತು ಎತ್ತಿದ್ದು ಮಾತ್ರ ಅವತ್ತೇ.

"ನಾನು ನಿನ್ನ ಗಂಡನನ್ನು ಊರಲ್ಲಿ ಬಿಟ್ಟು ಹೋಗುವಾಗ ಅವನಿಗೆ ಇವಳಷ್ಟೇ ಪ್ರಾಯ. ನನ್ನ ಹತ್ರ ಇದ್ದದ್ದು ಅವನ ಒಂದು ಫೋಟೋ, ಅಷ್ಟೆ. ಡ್ಯೂಟಿ ಮುಗಿದ ಮೇಲೆ ಅದನ್ನೇ ನೋಡುವುದು. ಒಮ್ಮೆ ಅವನಿಗೆ ಜ್ವರ ಅಂತ ಊರಿಂದ ಸುದ್ದಿ ಬಂತು. ನನ್ನ ಕಣ್ಣೇ ತಾಗಿತು ಅಂತ ಹೆದರಿ, ಫೋಟೋದ ಕೆನ್ನೆಗೆ ಕಾಡಿಗೆ ಇಟ್ಟು, ಪೆಟ್ಟಿಗೆಯ ಅಡಿಗೆ ಹಾಕಿದೆ. ಮತ್ತೆ ನೋಡ್ಲೇ ಇಲ್ಲ."

"ರಜೆಗೆ ಬಂದಾಗ?"

"ಎಂತ ಹೇಳುವುದು? ಅವನಿಗೆ ನನ್ನ ಗುರುತು ಇರ್ಲಿಲ್ಲ. ನಡೆದು ಬಂದವ ಯಾರ ಮಗ ಅಂತ ನನಗೂ ಗೊತ್ತಾಗ್ಲಿಲ್ಲ."

ಎದ್ದು ಸೆರಗಿನ ತುದಿ ಒದ್ದೆ ಮಾಡಿ ಕ್ಯಾಮೆರಾ ಒರೆಸಿದರು. ಹೊಸ ಬೊಟ್ಟೊಂದನ್ನು ಮೊಬೈಲಿನ ಅಂಚಿಗೆ ಇಟ್ಟರು. "ನೀನು ನೋಡು. ಕೆಲಸ ಬಿಡ್ಬೇಡ. ಹೋಗು, ಮಕ್ಕಳು ಕಾಯ್ತಿರ್ಬಹುದು."

ಶಾಲೆಗೆ ಮರಳಿ ಮೊಬೈಲನ್ನು ಡಬ್ಬಿಗೆ ಒರಗಿಸಿದೆ. ಮಗಳು ಎದ್ದಿದ್ದಳು. ಅತ್ತೆ ಅವಳನ್ನು ಕ್ಯಾಮೆರಾದ ಹತ್ತಿರಕ್ಕೆ ಎತ್ತಿ ಹಿಡಿದು ಬೆರಳು ತೋರಿಸುತ್ತಿದ್ದರು.

"ಅಗೋ, ಅಮ್ಮ. ಅಮ್ಮ ಅಲ್ಲಿದ್ದಾಳೆ. ಮರೀಬಾರದು, ಆಯ್ತಾ?"