ಹಲ್ಲು ಮುರಿಯದ ಕ್ಯಾಸೆಟ್ಟು

ಹತ್ತಿಗೆ ಸ್ಪಿರಿಟ್ ಹಚ್ಚಿ ಹಳೆಯ ಟೇಪ್ ರೆಕಾರ್ಡರಿನಲ್ಲಿ ರೀಲು ತಾಗಿ ಓಡುವ ಹೆಡ್ ಒರೆಸುತ್ತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ರಾಣೆಬೆನ್ನೂರಿನ ನನ್ನ ಅಡುಗೆಮನೆ ಮಾಯವಾಗಿ ಬ್ಯಾಡಗಿಯ ಒಂದು ಸಣ್ಣ ಅಂಗಡಿ ಎದುರಿಗೆ ಬಂದು ನಿಂತಿತು. ಕಟ್ಟಿಗೆಯ ಕೌಂಟರು, ಅದರ ಹಿಂದೆ ಛತ್ತಿನ ತನಕ ಕ್ಯಾಸೆಟ್ಟು, ಬೆರಳ ತುದಿಯಲ್ಲಿ ಹತ್ತಿ ಹಿಡಿದು ನಿಂತ ಬಿಳಿ ಜುಬ್ಬಾದ ಮನುಷ್ಯ... ಎಲ್ಲರೂ ಅವರನ್ನು ಚಾಚಾ ಅನ್ನುತ್ತಿದ್ದರು. ನಾನೂ ಚಾಚಾ ಅಂತಲೇ ಕರೆದೆ, ಕೊನೆಯ ದಿನ ಒಂದನ್ನು ಬಿಟ್ಟು. ಆ ದಿನ ಏನು ಕರೆದೆನೆಂದು ಬರೆಯಲು ನನಗೆ ಕಲಿಸಿದ ಕಾನ್ವೆಂಟ್ ಸಿಸ್ಟರುಗಳು ಬಿಡುವುದಿಲ್ಲ.

ಆಗ ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಮಕ್ಕಳಿಗೆ ಗ್ರಾಮರ್ ಕಲಿಸುವುದು ಹೊಟ್ಟೆಪಾಡು, ಕನ್ನಡದಲ್ಲಿ ಹಾಡು ಬರೆಯುವುದು ಹುಚ್ಚು. ಶಾಲೆಯ ಗ್ಯಾದರಿಂಗಿಗೆ ಬರೆದೆ, ಭಕ್ತಿಗೀತೆಯ ಕ್ಯಾಸೆಟ್ಟಿಗೆ ಬರೆದೆ, ಒಂದೆರಡು ನಾಟಕಕ್ಕೂ ಬರೆದೆ. ಹುಬ್ಬಳ್ಳಿಗೆ ಬಂದಿದ್ದ ಸಿನಿಮಾ ಮಂದಿ, ನಿಮ್ಮ ಸೀಮೆಯ ಹೆಣ್ಣುಮಕ್ಕಳು ಹಾಡುವಂಥದ್ದು ಒಂದು ಬೇಕು, ಟೇಪ್ ಮಾಡಿ ಕಳಿಸಿ ಅಂದರು. ನಾಲ್ಕು ದಿನ ಊಟ ಸೇರಲಿಲ್ಲ. ಮೆಣಸಿನಕಾಯಿಯ ತೊಟ್ಟು ಬಿಡಿಸುವವರ ಮೇಲೆ ಹಾಡು ಬರೆದೆ. 'ಕೆಂಪಾನ ಕಾಯಿ ಕೈಯಾಗ ಬಂತ, ತೊಟ್ಟ ಮುರಿಯ ಗೆಳತಿ' ಅಂತ ಶುರು. ಎರಡನೇ ನುಡಿಯಲ್ಲಿ ಬೆಳ್ಳಿಮೋಡ, ವಸಂತ, ಕೋಗಿಲೆ ಎಲ್ಲ ಇದ್ದವು. ವೆರಿ ಪೊಯೆಟಿಕ್ ಅಂತ ನನಗೇ ಅನಿಸಿತ್ತು.

ರಾಣೆಬೆನ್ನೂರಿನಿಂದ ಬಸ್ಸು ಹಿಡಿದು ಮೋಟೆಬೆನ್ನೂರು ದಾಟುತ್ತಿದ್ದಂತೆ ನನಗೆ ಕೆಮ್ಮು ಶುರು. ಮೆಣಸಿನಕಾಯಿ ಸುಗ್ಗಿಯ ದಿನಗಳಲ್ಲಿ ಬ್ಯಾಡಗಿಯ ಗಾಳಿಯೇ ಹಾಗೆ. ಆ ಘಾಟಿನ ಧೂಳು ಟೇಪಿನ ಒಳಗೂ ಹೋಗುತ್ತದೆಂದು ಚಾಚಾ ದಿನಕ್ಕೆ ಹತ್ತು ಸಲ ಹೆಡ್ ಒರೆಸುತ್ತಿದ್ದರು. ಊರಿನ ಎಲ್ಲ ದನಿಗಳೂ ಅವರ ಅಂಗಡಿಯಲ್ಲಿ ತುಂಬಿಕೊಳ್ಳುತ್ತಿದ್ದವು. ಭಜನೆ, ಕವ್ವಾಲಿ, ಮದುವೆಯ ಬೀಗರ ಹಾಡು, ಇಲೆಕ್ಷನ್ ಬಂತೆಂದರೆ ಆಟೋದಲ್ಲಿ ಕೂಗಿಸುವ ಪ್ರಚಾರ.

ಅವರದೊಂದು ಕಾಯಿದೆ ಇತ್ತು. ಕ್ಯಾಸೆಟ್ಟಿನ ಬೆನ್ನಿಗೆ ಎರಡು ಸಣ್ಣ ಪ್ಲಾಸ್ಟಿಕ್ ತುಂಡು ಇರುತ್ತವಲ್ಲ, ಅವನ್ನು ಹಲ್ಲು ಅನ್ನುತ್ತಿದ್ದರು. ಆ ಹಲ್ಲು ಮುರಿದರೆ ಅದರ ಮೇಲೆ ಮತ್ತೇನೂ ರೆಕಾರ್ಡ್ ಆಗುವುದಿಲ್ಲ. ಉಳಿಸುವಂಥದ್ದಾದರೆ ರೆಕಾರ್ಡ್ ಮುಗಿದ ಕೂಡಲೇ ಬೆರಳಿನಿಂದ ಚಟ್ ಅನಿಸುತ್ತಿದ್ದರು. "ಹಲ್ಲ ಮುರದದ್ದು ಕಚ್ಚೂದಿಲ್ಲರಿ, ಆರಾಮ ಮಕ್ಕೊಂತೈತಿ" ಎಂದು ನಗುತ್ತಿದ್ದರು. ಹಲ್ಲು ಇದ್ದದ್ದು ಖಾಲಿ, ಯಾರಿಗೆ ಬೇಕಾದರೂ ಬಳಸಬಹುದು. ಇಡೀ ಅಂಗಡಿ ಈ ಒಂದು ಕಾಯಿದೆಯ ಮೇಲೆ ನಡೆಯುತ್ತಿತ್ತು.

ತೊಟ್ಟು ಬಿಡಿಸುವ ಆರು ಜನ ಹೆಂಗಸರನ್ನು ಕರೆಸಿ ಚಾಪೆಯ ಮೇಲೆ ಕೂರಿಸಿದೆವು. ಹಾಡೇ ಹೊರಡಲಿಲ್ಲ. ಅವರ ಹಿರಿಯಳು, ಬಾಯಿ ತುಂಬ ಎಲಿಅಡಿಕಿ ಹಾಕಿಕೊಂಡ ಅಜ್ಜಿ, ರೇಗಿದಳು.

"ಏ ಚಾಚಾ, ಸುಮ್ಮ ಕುಂದರ್ಸಿ ಹಾಡು ಅಂದ್ರ, ನಾವೇನು ಹೆಣಾ ಕಾಯಾಕ ಬಂದೇವೇನು?"

ಚಾಚಾ ಎದ್ದು ಹೋಗಿ, ಅರ್ಧ ಚೀಲ ಕಾಯಿ ತರಿಸಿ ಅವರ ನಡುವೆ ಸುರುವಿದರು. "ಅಕ್ಕೋರ, ಕೈಗೆ ಕೆಲಸ ಕೊಡ್ರಿ, ಬಾಯಿ ತಾನ ಹಾಡತೈತಿ" ಅಂದರು.

ಹೌದು, ಹಾಡಿತು. ತಬಲಾ ಇಲ್ಲ, ಹಾರ್ಮೋನಿಯಂ ಇಲ್ಲ. ಹನ್ನೆರಡು ಕೈಗಳಲ್ಲಿ ತೊಟ್ಟು ಮುರಿಯುವ ಸದ್ದೇ ತಾಳ. ನಿಲ್ಲಿಸಿರೆಂದರೂ ನಿಲ್ಲಿಸಲಿಲ್ಲ. ಆದರೆ ಎರಡನೇ ನುಡಿಗೆ ಬಂದಾಗ ನನ್ನ ಕೋಗಿಲೆಯನ್ನು ಹಾರಿಸಿಬಿಟ್ಟು ತಮ್ಮದೇ ಸಾಲು ಹಾಕಿದರು. 'ಕೆಮ್ಮು ಬಂದರ ಕೆಮ್ಮೇ ಹಾಡತೇವ, ನೀ ಕೇಳ ಗೆಳತಿ.' ಹಾಡುತ್ತ ಒಬ್ಬಳು ಖರೇ ಕೆಮ್ಮಿದಳು, ಉಳಿದವರು ನಕ್ಕರು.

ಮೈ ಗಾಡ್, ಸಿನಿಮಾ ಹಾಡಿನಲ್ಲಿ ಕೆಮ್ಮೇ! ಕೋಗಿಲೆಯನ್ನು ಯಾಕೆ ಬಿಟ್ಟಿರಿ ಅಂದೆ.

"ಅಕ್ಕೋರ, ನಿಮ್ಮ ಕೋಗಿಲಿ ಒಂದ ದಿನ ನಮ್ಮ ಗೋದಾಮಿನ್ಯಾಗ ಕುಂದರ್ಲಿ, ಅದೂ ಕೆಮ್ಮತೈತಿ" ಅಂದಳು ಅಜ್ಜಿ.

ನಾನು ನಗಲಿಲ್ಲ.

ಮೂರು ದಿನ ಬಿಟ್ಟು ಹೋದೆ. ಚಾಚಾ ಕ್ಯಾಸೆಟ್ಟು ಹಾಕಿದರು. ಹಾಡಿನ ಬದಲಿಗೆ ಯಾರೋ ಗಂಟಲು ಹರಿಯುವಂತೆ, ಅಮೂಲ್ಯವಾದ ಮತ ನೀಡಿ ಎಂದು ಕೂಗತೊಡಗಿದ. ಇಲೆಕ್ಷನ್ನಿನ ಗಡಿಬಿಡಿಯಲ್ಲಿ ಚಾಚಾ ನನ್ನ ಹಾಡಿನ ಮೇಲೆ ಪ್ರಚಾರ ತುಂಬಿದ್ದರು. ಪೂರ್ತಿ ಕೇಳುವ ತಾಳ್ಮೆ ನನಗೆಲ್ಲಿ? ಗಿರಾಕಿಗಳ ಎದುರಿಗೇ ಕೂಗಾಡಿದೆ, ಇಂಗ್ಲಿಷಿನಲ್ಲಿ, ಅವರಿಗೆ ತಿಳಿಯದಿರಲಿ ಅಂತಲ್ಲ, ಹೆಚ್ಚು ನೋಯಲಿ ಅಂತ. ಚಾಚಾ ಹತ್ತಿಯನ್ನು ಬೆರಳಲ್ಲಿ ಹಾಗೇ ಹಿಡಿದುಕೊಂಡು, "ತಪ್ಪಾಗೇತ್ರಿ ಅಕ್ಕೋರ. ಮತ್ತ ಕರಸ್ತೇನ್ರಿ ಅವರನ್ನ" ಅಂದರು. ನಾನು ಬೇಡವೆಂದು ಇಳಿದು ಬಂದೆ. ಸಿನಿಮಾ ಮಂದಿಗೆ ಕಳಿಸಲು ಏನೂ ಇರಲಿಲ್ಲ. ಆಮೇಲೆ ಬ್ಯಾಡಗಿಗೆ ಎಷ್ಟೋ ಸಲ ಹೋದೆ... ಆ ಓಣಿಗೆ ಮಾತ್ರ ಹೋಗಲಿಲ್ಲ.

ಅಂದಿನಿಂದ ಈ ಕತೆಯನ್ನು ಕಂಡಕಂಡವರಿಗೆ ಹೇಳುತ್ತ ಬಂದೆ. ಟಾಕೀಸಿನಿಂದ ಹೊರಬಂದಾಗಲೆಲ್ಲ ಹೇಳಿದೆ. ಯಾಕೆಂದರೆ ಸಿನಿಮಾದವರು ನಮ್ಮ ಕಡೆಯ ಮಾತನ್ನು ಎರಡೇ ಕೆಲಸಕ್ಕೆ ಕರೆಯುತ್ತಾರೆ, ನಗಿಸಲಿಕ್ಕೆ ಇಲ್ಲವೇ ಹೊಡೆದಾಡಲಿಕ್ಕೆ. ಪ್ರೀತಿ ಮಾಡುವಾಗ ನಾಯಕನ ನಾಲಿಗೆ ತಟ್ಟನೆ ಬೆಂಗಳೂರಿಗೆ ಹೋಗಿಬಿಡುತ್ತದೆ. ಹಾಡೆಂದರೆ ಎದೆ ಗುದ್ದುವ ಬೀಟು, ನಡುವೆ ನಮ್ಮ ಊರಿನ ಎರಡು ಬೈಗುಳ. ಅದೇ ಹಾಡನ್ನು ಈಗ ಪ್ರಚಾರದ ಆಟೋದವರು ಎತ್ತಿಕೊಂಡು ಹೆಸರು ಬದಲಿಸಿ ಹಾಕುತ್ತಾರೆ. ಬೆಳಗ್ಗೆ ಒಬ್ಬನ ಹೆಸರು, ಮಧ್ಯಾಹ್ನ ಅವನ ವೈರಿಯ ಹೆಸರು, ಟ್ಯೂನು ಒಂದೇ. ನಮ್ಮ ಓಣಿಗೆ ನಳದ ನೀರು ವಾರಕ್ಕೊಮ್ಮೆ, ಈ ಹಾಡು ದಿನಕ್ಕೆ ಆರು ಸಲ. ಮೊನ್ನೆ ತಂಗಿಯ ಮೊಮ್ಮಗಳು ಫೋನಿಗೆ ಹೇಳಿ ಒಂದೇ ನಿಮಿಷದಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಮೇಲೆ ಹಾಡು ಮಾಡಿಸಿ ಕೇಳಿಸಿದಳು. ಶ್ರುತಿ ಪರ್ಫೆಕ್ಟ್. ಅದರಲ್ಲೂ ಒಂದು ಕೋಗಿಲೆ ಇತ್ತು! ಸಿಟ್ಟು ಬಂತು, ಫೋನು ತೆಗಿ ಅಂದೆ. ನನ್ನ ಹಾಡು ಉಳಿದಿದ್ದರೆ ಇವರಿಗೆಲ್ಲ ತೋರಿಸುತ್ತಿದ್ದೆ ಅಂತ ಎಷ್ಟು ವರ್ಷ ಹಲ್ಲು ಕಡಿದೆನೋ.

ಹೋದ ವರ್ಷ ಹಾವೇರಿಯಲ್ಲಿ ನನಗೊಂದು ಸನ್ಮಾನವಾಯಿತು. ಅದರ ಸ್ಮರಣ ಸಂಚಿಕೆಗೆ ನಾನೂ ಒಂದು ಲೇಖನ ಬರೆದೆ. 'ನನ್ನ ಬದುಕಿನ ಏಕೈಕ ಒಳ್ಳೆಯ ಹಾಡನ್ನು ಬ್ಯಾಡಗಿಯ ಒಬ್ಬ ಬೇಜವಾಬ್ದಾರಿ ಕ್ಯಾಸೆಟ್ ಅಂಗಡಿಯವ ಅಳಿಸಿಹಾಕಿದ.' ಹೆಸರು ಹಾಕಿರಲಿಲ್ಲ. ಆದರೆ ಬ್ಯಾಡಗಿಯಲ್ಲಿ ಅಂಥ ಅಂಗಡಿ ಇದ್ದದ್ದು ಎಷ್ಟು? ಓದಿದವರಿಗೆಲ್ಲ ತಿಳಿಯಿತು.

ಕಳೆದ ವಾರ ಹಾವೇರಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ನಡುವಯಸ್ಸು, ದವಾಖಾನೆಯಲ್ಲಿ ನರ್ಸು. ಚಾಚಾನ ಮಗಳು ಅಂದಳು. ಕೂರಲಿಲ್ಲ, ಚಹಾನೂ ಒಲ್ಲೆ ಅಂದಳು. "ಅಬ್ಬಾ ತೀರಿಕೊಂಡು ಭಾಳ ದಿನ ಆತ್ರಿ. ನೀವು ಬರದದ್ದನ್ನ ನಮ್ಮ ಅಮ್ಮಾಗ ನಾನ ಓದಿ ಹೇಳೇನಿ. ಇದನ್ನ ಕಡೀತನಕ ಕೇಳ್ರಿ" ಎಂದು ಚೀಲದಿಂದ ಕ್ಯಾಸೆಟ್ಟು ತೆಗೆದಳು. ಜೊತೆಗೆ ಹತ್ತಿ, ಸಣ್ಣ ಬಾಟಲಿಯಲ್ಲಿ ಸ್ಪಿರಿಟ್. "ಹೆಡ್ ಒರಸಿ ಹಾಕ್ರಿ ಮತ್ತ, ರೀಲ್ ಹಿಡೀತೈತಿ."

ಕ್ಯಾಸೆಟ್ಟಿನ ಎರಡೂ ಹಲ್ಲು ಮುರಿದಿದ್ದವು. ನಾನು ಬೈದು ಹೋದ ಮೇಲೆ ಚಾಚಾ ಮುರಿದಿಟ್ಟಿದ್ದರಂತೆ.

ಒರೆಸಿ ಹಾಕಿದೆ. ಅದೇ ಪ್ರಚಾರ, ಅದೇ ಗಂಟಲು. ಅದು ಮುಗಿದು ಒಂದು ಚಟ್ ಸದ್ದಾಯಿತು... ಅಲ್ಲಿಂದ ಮುಂದೆ ನನ್ನ ಹೆಣ್ಣುಮಕ್ಕಳು! ಪ್ರಚಾರದವನು ಅಳಿಸದೆ ಬಿಟ್ಟ ಬಾಲ. ತೊಟ್ಟು ಮುರಿಯುವ ತಾಳ, ಕೆಮ್ಮಿನ ಸಾಲು, ಖರೇ ಕೆಮ್ಮು, ನಗು, ಕೋಗಿಲೆಗೆ ಅಜ್ಜಿ ಹೇಳಿದ ಮಾತು. ಇಷ್ಟು ವರ್ಷ ಒಳ್ಳೆಯ ಹಾಡು ಅಂತ ನಾನು ಅಳುತ್ತಿದ್ದದ್ದು ಯಾವುದಕ್ಕೆ ಅಂತ ಆಗ ತಿಳಿಯಿತು. ಆ ಕೆಮ್ಮಿಗೆ. ಅದರ ನಂತರ ಬಂದವು ಎರಡು ದನಿಗಳು.

"ಅಕ್ಕೋರ, ಹಲ್ಲ ಮುರೀಲೇನ್ರಿ?"

"ಬ್ಯಾಡ, ಬ್ಯಾಡ. ಕರೆಕ್ಷನ್ ಅದ. ಆ ಕೆಮ್ಮು ತೆಗೀಬೇಕು."

ಎರಡನೆಯದು ನನ್ನ ದನಿ. ಟೀಚರಿನ ದನಿ, ಸ್ಪಷ್ಟ ಉಚ್ಚಾರ. ಆ ಮಾತು ಆಡಿದ ನೆನಪೇ ನನಗಿರಲಿಲ್ಲ. ಚಾಚಾಗೆ ಇತ್ತು. ಅಂಗಡಿ ತುಂಬ ಜನರ ಎದುರು ನಾನು ಬೈಯುವಾಗ, ನೀವೇ ಅಲ್ಲೇನ್ರಿ ಬ್ಯಾಡ ಅಂದದ್ದು ಎಂಬ ಒಂದೇ ಮಾತು ಸಾಕಾಗಿತ್ತು. ಅವರು ಅದನ್ನು ಹೇಳಲಿಲ್ಲ.

ಆ ಕ್ಯಾಸೆಟ್ಟು ನನಗೆ ಬಿಟ್ಟುಕೊಡು ಎಂದು ಕೇಳಿದೆ. ಎಷ್ಟಾದರೂ ನನ್ನ ಹಾಡಲ್ಲವೇ ಅಂದೆ. ಬುದ್ಧಿ ನೋಡಿ ನನ್ನದು.

"ಇಲ್ರಿ. ಊರ ಮಂದೀದೆಲ್ಲ ತುಂಬಿದ್ರು, ತಮ್ಮದು ಒಂದೂ ತುಂಬಲಿಲ್ಲ. ಅಬ್ಬಾನ ದನಿ ಇರೋದು ಇದ್ರಾಗ ಅಷ್ಟರಿ" ಅಂದಳು. ನಿಂತೇ ಇದ್ದಳು, ಕೈ ಚಾಚಿಕೊಂಡು.

ಕೊಟ್ಟೆ.

ಸಂಚಿಕೆಯವರಿಗೆ ಫೋನು ಮಾಡಿದೆ. ಅಚ್ಚಾಗಿ ಹಂಚಿದ್ದಾಗಿದೆ ಮೇಡಂ, ಈಗ ಕರೆಕ್ಷನ್ ಆಗುವುದಿಲ್ಲ ಅಂದರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ: ಆ ಹಾಡನ್ನು ಅಳಿಸಿದವಳು ನಾನು. ಇದನ್ನು ಆ ಮಗಳು ತನ್ನ ತಾಯಿಗೆ ಓದಿ ಹೇಳಿದರೆ ಸಾಕು. ಚಾಚಾ ಕೇಳುವುದಿಲ್ಲ, ಆ ಅಜ್ಜಿಯೂ ಈಗ ಇರಲಿಕ್ಕಿಲ್ಲ...

ಸ್ಪಿರಿಟ್ ಬಾಟಲಿಯನ್ನು ಅವಳು ಇಲ್ಲೇ ಮರೆತು ಹೋಗಿದ್ದಾಳೆ. ಹಾಕಲು ಕ್ಯಾಸೆಟ್ಟೇ ಇಲ್ಲದಿದ್ದರೂ ಇವತ್ತು ಬೆಳಗ್ಗೆ ಮತ್ತೊಮ್ಮೆ ಹೆಡ್ ಒರೆಸಿದೆ.